ಮಳೆ ಮೇಲಿನಿಂದ, ಕತ್ತಿ ಮುಂದಿನಿಂದ

ಮೊದಲೇ ಹೇಳಿಬಿಡುತ್ತೇನೆ. ರೋಮನ್ ಸೈನಿಕ ತೋಳುಕವಚ ಹಾಕಿಕೊಳ್ಳುತ್ತಿದ್ದದ್ದು ಬಲಗೈಗೆ. ಎಡಗೈಗಲ್ಲ, ಎರಡೂ ಕೈಗಲ್ಲ. ಈ ಒಂದು ಮಾತನ್ನು ಹದಿನಾರು ವರ್ಷ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಮ್ಯೂಸಿಯಮ್ಮಿನವರಿಗೆ ಹೇಳಿದೆ, ಶಾಲೆಯ ಟೀಚರುಗಳಿಗೆ ಹೇಳಿದೆ, ಜಾಹೀರಾತು ತೆಗೆಯುವವರಿಗೆ ಹೇಳಿದೆ. ಎಲ್ಲರೂ ತಲೆಯಾಡಿಸಿ, ಕೊನೆಗೆ, "ಆದರೂ ಎರಡೂ ಕೈಗೆ ಹಾಕಿದರೆ ನೋಡೋಕೆ ಚೆನ್ನಾಗಿರುತ್ತೆ ಅಲ್ವಾ?" ಎಂದು ಕೇಳುತ್ತಿದ್ದರು. ಚೆನ್ನಾಗಿರುತ್ತೆ. ಎರಡು ಹೆಲ್ಮೆಟ್ ಹಾಕಿದರೂ ಚೆನ್ನಾಗಿರುತ್ತೆ.

ನಾನು ಸಿಡ್ನಿಯ ಪಶ್ಚಿಮದ ಒಂದು ಸಣ್ಣ ಕಾರ್ಯಾಗಾರದಲ್ಲಿ ಕವಚ ಮಾಡುವ ಕೆಲಸದಲ್ಲಿದ್ದೆ. ಹಳೆಯ ಕಾಲದ ಯುದ್ಧದ ಉಡುಪುಗಳ ನಕಲು ಮಾಡಿ ಮ್ಯೂಸಿಯಮ್ಮುಗಳಿಗೆ, ನಾಟಕದವರಿಗೆ, ಶಾಲೆಗಳಿಗೆ ಹೋಗಿ ಕತ್ತಿವರಸೆ ತೋರಿಸುವವರಿಗೆ ಕೊಡುವುದು ನಮ್ಮ ಕಸುಬು. ಈಗ ನಿವೃತ್ತನಾಗಿ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿದ್ದೇನೆ. ಹೋದ ತಿಂಗಳು ಅದೇ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ನನ್ನನ್ನು ಹುಡುಕಿಕೊಂಡು ಬಂದು, "ಅಂಕಲ್, ಟಿಪ್ಸ್ ಕೊಡಿ" ಎಂದರು. ಟಿಪ್ಸ್! ಸುತ್ತಿಗೆ ಹಿಡಿಯುವುದನ್ನು ಟಿಪ್ಸ್ ಕೊಟ್ಟು ಕಲಿಸಲು ಬರುತ್ತದೆಯೇ? ಆದರೆ ಒಂದು ವಿಷಯ ಅವರಿಗೆ ಹೇಳಲೇಬೇಕಿತ್ತು. ಒಮ್ಮೆ ನಾನು ಒಂದು ಸುಳ್ಳು ಕಾಗದಕ್ಕೆ ಸಹಿ ಹಾಕಿದೆ. ಅದರಿಂದ ನಮ್ಮಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳ ಅನ್ನವೂ ಮಾನವೂ ಹೋಗುವುದರಲ್ಲಿತ್ತು. ಬಾಯಲ್ಲಿ ಹೇಳಲು ಹೊರಟರೆ ಸಿಟ್ಟು ಬಂದು ಅರ್ಧಕ್ಕೇ ನಿಲ್ಲಿಸುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯವನು. ರೈಲ್ವೆ ವರ್ಕ್‌ಶಾಪಿನಲ್ಲಿ ತಗಡು ಬಡಿದವನು. ಬೋಗಿಯ ಚಾವಣಿ, ನೀರಿನ ಟ್ಯಾಂಕು, ಕಿಟಕಿಯ ಅಂಚು, ಯಾವುದಾದರೂ ಸರಿ, ತಗಡು ಅಂದರೆ ನನ್ನ ಮುಂದೆ ಬರುತ್ತಿತ್ತು. ಹೆಂಡತಿ ಶಾಂತಾಳಿಗೆ ವೆಸ್ಟ್‌ಮೀಡ್‌ನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ನಾವು ಸಿಡ್ನಿಗೆ ಬಂದೆವು. ಸ್ಟೇಷನ್ನಿನ ಹತ್ತಿರ ರೆಂಟಿಗೆ ಫ್ಲ್ಯಾಟ್ ಹಿಡಿದೆವು. ಆರು ತಿಂಗಳು ಮನೆಯಲ್ಲಿ ಕುಳಿತು ಅವಳಿಗೆ ಡಬ್ಬಿ ಕಟ್ಟಿಕೊಟ್ಟೆ. ಆಮೇಲೆ ಈ ಕಾರ್ಯಾಗಾರದ ಜಾಹೀರಾತು ನೋಡಿ ಹೋದೆ.

ಮಾಲೀಕನ ಹೆಸರು ರಾಸ್. ಅವನು ನನ್ನ ಸರ್ಟಿಫಿಕೇಟುಗಳನ್ನು ನೋಡಲೇ ಇಲ್ಲ. ಒಂದು ತುಂಡು ತಗಡು, ಒಂದು ಸುತ್ತಿಗೆ ಕೊಟ್ಟು, "ಇದನ್ನು ಮೊಣಕೈ ಮಾಡು" ಎಂದ. ಮಾಡಿಕೊಟ್ಟೆ. "ನಾಳೆ ಬಾ ಬ್ಯಾಜ್" ಎಂದ. ಬಸವರಾಜ ಎಂಬ ಹೆಸರನ್ನು ಕತ್ತರಿಸಿ ಬಿಸಾಡಲು ಅವನಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಕೊನೆಯವರೆಗೂ ನಾನು ಬ್ಯಾಜ್ ಆಗಿಯೇ ಉಳಿದೆ.

ನಮ್ಮವರು ಸೇರುವ ಕಡೆ ಈ ಕೆಲಸವನ್ನು ವಿವರಿಸುವುದು ಇನ್ನೊಂದು ತಲೆನೋವು. ಸಿಡ್ನಿಯ ಎಪ್ಪಿಂಗ್‌ನಲ್ಲಿ ಒಬ್ಬರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೆ, "ತಾವು ಯಾವುದರಲ್ಲಿ?" ಎಂದು ಕೇಳುತ್ತಿದ್ದರು. ಕಂಪ್ಯೂಟರಿನವರು ಒಂದು ಕಡೆ, ಬ್ಯಾಂಕಿನವರು ಒಂದು ಕಡೆ. "ನಾನು ರೋಮನ್ ಸೈನಿಕರಿಗೆ ತೋಳು ಮಾಡ್ತೀನಿ" ಎಂದರೆ "ಓ, ಹಾಬಿನಾ?" ಎನ್ನುತ್ತಿದ್ದರು. ಒಬ್ಬ ಹಿರಿಯರಂತೂ ಪ್ರಸಾದದ ತಟ್ಟೆ ಹಿಡಿದುಕೊಂಡೇ, ತಮ್ಮ ಗ್ಯಾರೇಜಿನ ಚಾವಣಿಯಂಚಿನ ಮಳೆನೀರಿನ ತಗಡು ಸೋರುತ್ತಿದೆ, ಬಂದು ನೋಡುವಿರಾ ಎಂದರು. ಹೋಗಿ ಸರಿಮಾಡಿಯೂ ಕೊಟ್ಟೆ. ಅಂಥ ಬುದ್ಧಿ ನನ್ನದು.

ರಾಸ್‌ಗೆ ಅಳತೆ ಎಂದರೆ ಅಲರ್ಜಿ. ಎಲ್ಲವೂ ಕಣ್ಣಂದಾಜು. "ಇನ್ನೂ ಹೊಳೆಯಲಿ" ಎನ್ನುವುದು ಅವನಿಗೆ ಗೊತ್ತಿದ್ದ ಒಂದೇ ತಿದ್ದುಪಡಿ. ಒಮ್ಮೆ ಯಾವುದೋ ಬಿಸ್ಕತ್ತಿನ ಜಾಹೀರಾತಿಗೆ ಹನ್ನೆರಡು ಮಂದಿ ಸೈನಿಕರು ಬೇಕಾಗಿದ್ದರು. ಅದರ ನಿರ್ದೇಶಕ ಬಂದು, ಕತ್ತಿಗೆ ಕತ್ತಿ ತಾಗಿದರೆ ಕಿಡಿ ಹಾರಬೇಕು ಎಂದ. ಅವರು ಕತ್ತಿಗೆ ಕತ್ತಿ ತಾಗಿಸಿ ಆಟ ಆಡುತ್ತಿರಲಿಲ್ಲ, ಹೊಟ್ಟೆಗೆ ಚುಚ್ಚುತ್ತಿದ್ದರು ಎಂದು ನಾನು ಹೇಳಿದೆ. ಬಿಸ್ಕತ್ತಿನ ಜಾಹೀರಾತಿನಲ್ಲಿ ಹೊಟ್ಟೆಗೆ ಚುಚ್ಚಿಸುವುದು ಹೇಗೆ ಎಂದು ಅವನು ನನ್ನನ್ನೇ ಕೇಳಿದ. ಇನ್ನೊಮ್ಮೆ ಒಂದು ಪ್ರದರ್ಶನಕ್ಕೆ ಎಂಟು ತೋಳುಕವಚ ಮಾಡಿ ಕಳಿಸಿದರೆ, ಅಲ್ಲಿಯವರು ಎಂಟನ್ನೂ ಗೊಂಬೆಗಳ ಎಡಗೈಗೆ ತೊಡಿಸಿ, ಗುರಾಣಿಯ ಹಿಂದೆ ಮುಚ್ಚಿಟ್ಟು, ಕತ್ತಿ ಹಿಡಿದ ಬಲಗೈಯನ್ನು ಬೋಳಾಗಿ ಬಿಟ್ಟಿದ್ದರು. ಉದ್ಘಾಟನೆಗೆ ಬಂದವರು ಚಪ್ಪಾಳೆ ತಟ್ಟಿದರು. ನಾನೊಬ್ಬನೇ ಹಲ್ಲು ಕಡಿಯುತ್ತಾ ನಿಂತಿದ್ದೆ.

ಹೊಸಬರಿಗಾಗಿ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ರೋಮನ್ ಸೈನಿಕನ ಎಡಗೈಯಲ್ಲಿ ದೊಡ್ಡ ಗುರಾಣಿ. ಭುಜದಿಂದ ಮೊಣಕಾಲಿನವರೆಗೆ ಮೈ ಅದರ ಹಿಂದೆ. ಕತ್ತಿ ಗಿಡ್ಡ, ಹೆಚ್ಚೂಕಡಿಮೆ ಒಂದು ಮೊಳದಷ್ಟು. ಸಾಮಾನ್ಯ ಸೈನಿಕ ಅದನ್ನು ಬಲಸೊಂಟದಲ್ಲೇ ತೂಗುಹಾಕಿ ಬಲಗೈಯಿಂದಲೇ ಎಳೆಯುತ್ತಿದ್ದ. ಗುರಾಣಿಯ ಪಕ್ಕದಿಂದ ಕೈ ಮುಂದೆ ಚಾಚಿ ಚುಚ್ಚುವುದು, ಹಿಂದಕ್ಕೆ ಎಳೆದುಕೊಳ್ಳುವುದು, ಇಷ್ಟೇ ಮುಖ್ಯ ವರಸೆ. ಕಡಿಯುವುದೂ ಇತ್ತು, ಆದರೆ ಕಡಿಯಲು ಕೈ ಮೇಲೆತ್ತಿದರೆ ಕಂಕುಳು ಬಯಲಾಗುತ್ತದೆ. ಅಂದರೆ ಇಡೀ ಮೈಯಲ್ಲಿ ಗುರಾಣಿಯಿಂದ ಹೊರಗೆ ಹೋಗುವುದು ಬಲಗೈ ಒಂದೇ. ಡ್ಯಾನ್ಯೂಬ್ ನದಿಯಾಚೆಯ ಶತ್ರುಗಳ ಹತ್ತಿರ ನಮ್ಮ ಕುಡಗೋಲಿನ ಅಣ್ಣನಂಥ ಉದ್ದನೆಯ ಬಾಗಿದ ಕತ್ತಿ ಇತ್ತು. ಅದು ಗುರಾಣಿಯ ಮೇಲಿಂದ ಹಾದು ಬಂದು ಆ ಕೈಯನ್ನೇ ಹುಡುಕುತ್ತಿತ್ತು. ಆಗ ಕೆಲವು ಪಡೆಗಳು ಬಲತೋಳಿಗೆ ತಗಡಿನ ಕವಚ ಹಾಕಿಕೊಂಡವು. ಮಣಿಕಟ್ಟಿನಿಂದ ಭುಜದವರೆಗೆ ಸಣ್ಣ ಸಣ್ಣ ಬಾಗಿದ ತಗಡಿನ ಪಟ್ಟಿಗಳು, ಒಳಗೆ ತೊಗಲಿನ ಪಟ್ಟಿಗೆ ರಿವೆಟ್ ಹೊಡೆದು ಜೋಡಿಸಿದ್ದು. ತೋಳಿನ ಒಳಬದಿ ತೆರೆದೇ ಇರುತ್ತದೆ, ಅಲ್ಲಿ ಹೊಲಿದ ತೊಗಲಿನ ಪಟ್ಟಿಗಳಿಂದ ಕವಚವನ್ನು ಕೈಗೆ ಬಿಗಿಯುತ್ತಾರೆ. ಕೊಳವೆ ಮಾಡಿ ಮುಚ್ಚಿಬಿಟ್ಟರೆ ಮೊಣಕೈ ಮಡಿಸುವುದು ಹೇಗೆ?

ಇದನ್ನೆಲ್ಲ ನನಗೆ ಮೈಮುಟ್ಟಿ ಕಲಿಸಿದವನು ನೀಲ್. ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದು, ಐವತ್ತರ ಮೇಲೆ ಅದನ್ನು ಬಿಟ್ಟು ಕತ್ತಿವರಸೆಗೆ ಬಂದವನು. ಶಾಲೆ ಶಾಲೆಗೆ ಹೋಗಿ ನಮ್ಮ ಕವಚ ತೊಟ್ಟು, ಮೊಂಡು ಮಾಡಿದ ಉಕ್ಕಿನ ಕತ್ತಿಯಲ್ಲಿ ಮಕ್ಕಳ ಮುಂದೆ ಕಾದಾಡಿ ತೋರಿಸುತ್ತಿದ್ದ. ಮನೆಯ ಹಿತ್ತಲಿನಲ್ಲಿ ಮರದ ದೋಣಿ ಕಟ್ಟುತ್ತಿದ್ದ. "ಬ್ಯಾಜ್, ನನ್ನ ಬಲಗೈ ನಿನ್ನ ಜವಾಬ್ದಾರಿ. ದೋಣಿಗೆ ಅದು ಬೇಕು" ಎಂದು ಪ್ರತಿ ಸಲ ಕವಚ ತೊಡುವಾಗಲೂ ನಗುತ್ತಿದ್ದ.

ನಮ್ಮಲ್ಲಿ ತೊಗಲಿನ ಕೆಲಸ, ಹೊಲಿಗೆ, ಒಳಗಿನ ಹತ್ತಿಯ ಮೆತ್ತೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಲವೀನಾ. ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರ ಮನೆಯವಳು, ಮೂವತ್ತೈದರ ಆಸುಪಾಸು. ಗಂಡ ಇನ್ನೂ ಊರಿನಲ್ಲಿದ್ದ. ರಾಸ್ ಅವಳ ವೀಸಾಕ್ಕೆ ಸ್ಪಾನ್ಸರ್ ಆಗಿದ್ದ. ಇನ್ನೊಂದು ವರ್ಷ ಇಲ್ಲಿ ನಿಂತರೆ ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಹಕ್ಕು, ಪಿಆರ್ ಆದರೆ ಗಂಡ ಬರುತ್ತಾನೆ. ಕೆಲಸ ಹೋದರೆ ಎಲ್ಲವೂ ಹೋದಂತೆ. ಅವಳ ಹೊಲಿಗೆ ಹೇಗಿತ್ತೆಂದರೆ, ತೊಗಲು ಹರಿಯಬೇಕೇ ಹೊರತು ದಾರ ಬಿಡುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಮೊದಲೆಲ್ಲ ನಾವು ತೋಳುಕವಚವನ್ನು ಹತ್ತು ಹನ್ನೆರಡು ಅಗಲ ಪಟ್ಟಿಗಳಲ್ಲಿ ಮಾಡುತ್ತಿದ್ದೆವು. ಕೈ ಮಡಿಸಿದರೆ ಕಿರ್ರೆನ್ನುತ್ತಿತ್ತು. ಎರಡು ಸಾವಿರದ ದಶಕ ಶುರುವಾದ ಮೇಲೆ, ಇಂಗ್ಲೆಂಡಿನ ಉತ್ತರದಲ್ಲಿ ನೆಲ ಅಗೆಯುವಾಗ ನಿಜವಾದ ತೋಳುಕವಚದ ತುಂಡುಗಳು ಸಿಕ್ಕಿವೆ ಎಂದು ಸುದ್ದಿ ಬಂತು. ಕೆಲವು ಫೋಟೋಗಳು ನಮ್ಮ ಕೈಗೂ ತಲುಪಿದವು. ಪಟ್ಟಿಗಳು ನಾವು ಅಂದುಕೊಂಡಿದ್ದಕ್ಕಿಂತ ಎಷ್ಟೋ ಸಣ್ಣವು. ಹಾಗಿದ್ದರೆ ಒಂದು ತೋಳಿಗೆ ಮೂವತ್ತೈದಾದರೂ ಬೇಕು. ರಾಸ್ ಲೆಕ್ಕ ಹಾಕಿ ನರಳಿದ. ಮೆಲ್ಬರ್ನಿನಲ್ಲಿ ದೊಡ್ಡ ಪ್ರದರ್ಶನವೊಂದಕ್ಕೆ ಹದಿನಾಲ್ಕು ತೋಳು ಒಪ್ಪಿಕೊಂಡಾಗಿತ್ತು. ನಾನು ಹಟ ಹಿಡಿದು ಮೂವತ್ತೈದನ್ನೇ ಮಾಡಿಸಿದೆ. ಆ ಹಟ ಸರಿಯಿತ್ತು. ಮುಂದಿನದು ಸರಿಯಿರಲಿಲ್ಲ.

ಪಟ್ಟಿಗಳನ್ನು ಒಂದರ ಮೇಲೊಂದು ಹೊದಿಸಬೇಕಲ್ಲ, ಯಾವುದರ ಮೇಲೆ ಯಾವುದು? ಮೇಲಿನದು ಕೆಳಗಿನದರ ಮೇಲೋ, ಕೆಳಗಿನದು ಮೇಲಿನದರ ಮೇಲೋ? ತುಕ್ಕು ಹಿಡಿದ ತುಂಡುಗಳ ನಮ್ಮ ಮಸುಕು ಫೋಟೋದಲ್ಲಿ ಅದು ಕಾಣುತ್ತಿರಲಿಲ್ಲ. ಇಂಗ್ಲೆಂಡಿಗೆ ಒಂದು ಕಾಗದ ಬರೆದು ಕೇಳಬಹುದಿತ್ತು. ಕೇಳಲಿಲ್ಲ. ಬದುಕಿಡೀ ತಗಡು ಹೊದಿಸಿದವನಿಗೆ ಇದೊಂದು ಪ್ರಶ್ನೆಯೇ? ಚಾವಣಿಯಲ್ಲಿ ಮೇಲಿನ ತಗಡು ಕೆಳಗಿನದರ ಮೇಲೆ ಕೂರುತ್ತದೆ, ಮಳೆನೀರು ಜಾರಿ ಹೋಗುತ್ತದೆ. ಹಾಗೆಯೇ ಭುಜದಿಂದ ಶುರುಮಾಡಿ ಮಣಿಕಟ್ಟಿನವರೆಗೆ ಹೊದಿಸಿದೆ. ಒಂದೊಂದು ಪಟ್ಟಿಯ ಅಂಚೂ ಬೆರಳುಗಳ ಕಡೆ ಮುಖಮಾಡಿತ್ತು. ಮೊದಲ ತೋಳು ಮುಗಿದಾಗ ಹುಬ್ಬಳ್ಳಿಯ ಫೋರ್‌ಮನ್ ನೋಡಿದ್ದರೂ ಬೆನ್ನು ತಟ್ಟುತ್ತಿದ್ದ.

ಲವೀನಾ ಅದನ್ನು ಎತ್ತಿ, ಒಳಗಿನ ಪಟ್ಟಿ ಎಳೆದು ನೋಡಿ, ಆಮೇಲೆ ಬೆರಳನ್ನು ಮಣಿಕಟ್ಟಿನಿಂದ ಮೇಲಕ್ಕೆ ಸವರಿದಳು. ಬೆರಳು ಅಂಚಿಗೆ ತಾಗಿ ನಿಂತಿತು.

"ಎಂಥ ಬಸವರಾಜಣ್ಣ, ಇದು ಉಲ್ಟಾ ಅಲ್ವಾ?"

"ಏನು ಉಲ್ಟಾ?"

"ಮೀನು ಕ್ಲೀನ್ ಮಾಡುವಾಗ ಬಾಲದಿಂದ ತಲೆಗೆ ಕತ್ತಿ ಎಳೆದ್ರೆ ಹುರುಪೆ ಎಲ್ಲ ಎದ್ದು ಬರ್ತದೆ. ತಲೆಯಿಂದ ಬಾಲಕ್ಕೆ ಎಳೆದ್ರೆ ಒಂದೂ ಏಳುದಿಲ್ಲ, ಜಾರಿ ಹೋಗ್ತದೆ. ನೀವು ಮಾಡಿದ ಈ ತೋಳಿಗೆ ಬಾಲ ಬೆರಳಿನ ಕಡೆ ಉಂಟು. ನೀಲ್ ಕೈ ಮುಂದೆ ಚಾಚಿದ್ರೆ ಎದುರಿನವನ ಕತ್ತಿ ಬರುದು ಬಾಲದ ಕಡೆಯಿಂದಲೇ ಅಲ್ವಾ?"

ನಮ್ಮ ಮನೆಯ ಹೊಸ್ತಿಲನ್ನು ಮೀನು ಎಂದೂ ದಾಟಿದ್ದಿಲ್ಲ. ನಾನು ಲಿಂಗ ಕಟ್ಟಿದವನು. ಹುರುಪೆಯನ್ನು, ಮೀನಿನ ಮೈಮೇಲಿನ ಆ ಚಿಪ್ಪುಗಳನ್ನು, ಕಣ್ಣಿನಿಂದ ನೋಡಿದವನೇ ಅಲ್ಲ. ಅಷ್ಟಾಗಿದ್ದರೆ ಪರವಾಗಿರಲಿಲ್ಲ, ಕೇಳಿ ತಿಳಿದುಕೊಳ್ಳಬಹುದಿತ್ತು. ನಾನು ಮೂಗು ಮುರಿದೆ.

"ತಂಗಿ, ಮೂವತ್ತ ವರ್ಷ ಆತು ತಗಡ ಬಡ್ಯಾಕತ್ತಿ. ನನಗ ನೀ ಮೀನಿನ ಪಾಠಾ ಹೇಳಬ್ಯಾಡ. ನಿನ್ನ ಹೊಲಿಗಿ ನೀ ನೋಡ್ಕೊ."

"ಆಯ್ತು ಮಾರಾಯ್ರೆ. ಹೇಳ್ಬೇಕು ಅಂತ ಕಂಡಿತು, ಹೇಳಿದೆ" ಎಂದು ಅವಳು ತನ್ನ ಮೇಜಿಗೆ ಹೋದಳು. ಅವಳಿಗೆ ನನ್ನಂತೆ ವಾದ ಮಾಡುವ ಚಟ ಇರಲಿಲ್ಲ.

ಹದಿನೈದು ದಿನ ಏನೂ ಆಗಲಿಲ್ಲ, ಹದಿನಾಲ್ಕೂ ತೋಳು ಅದೇ ರೀತಿ ಮುಗಿದವು. ಒಂದು ಮಂಗಳವಾರ ನೀಲ್, ಆ ಹದಿನಾಲ್ಕಲ್ಲದೆ ಮಾದರಿಗೆಂದು ಮಾಡಿದ್ದ ಮೊದಲ ತೋಳು ತೊಟ್ಟು ಒಂದು ಶಾಲೆಗೆ ಹೋದ. ತೊಗಲಿನ ಪಟ್ಟಿ ಬಿಗಿ ಮಾಡಿಕೊಡಲು ನಾನೂ ಹೋಗಿದ್ದೆ. ಮೈದಾನದಲ್ಲಿ ಮಕ್ಕಳು ಸಾಲಾಗಿ ಕುಳಿತಿದ್ದರು. ಎದುರಾಳಿಯ ಪಾತ್ರದವನು ನೂರಾರು ಸಲ ಮಾಡಿದ ಅದೇ ವರಸೆ ಮಾಡಿದ. ನೀಲ್ ಚುಚ್ಚಲು ಕೈ ಚಾಚಿದ, ಎದುರಾಳಿಯ ಕತ್ತಿಯ ತುದಿ ನೀಲ್‌ನ ಮುಂಗೈ ಮೇಲಿಂದ ಜಾರಿ ಬಂತು. ಹಳೆಯ ತೋಳಿನಲ್ಲಿ ಅಗಲ ಪಟ್ಟಿಗಳಿದ್ದವು, ಅಂಚುಗಳು ಕಡಿಮೆ, ಅದೃಷ್ಟ ನಡೆದಿತ್ತು. ಇದರಲ್ಲಿ ಅಂಚು ಮೂವತ್ತೈದು. ತುದಿ ಒಂದು ಅಂಚಿನ ಕೆಳಗೆ ಹೊಕ್ಕಿತು, ಪಟ್ಟಿ ಎದ್ದಿತು. ನೀಲ್‌ನ ಮೈಭಾರ ಮುಂದಕ್ಕೆ ಇತ್ತು. ಮೊಂಡು ಕತ್ತಿಯಾದರೂ ಉಕ್ಕು ಉಕ್ಕೇ. ತುದಿ ಅವನ ಮುಂಗೈಯೊಳಕ್ಕೆ ಇಳಿಯಿತು. ಅವನ ಕೈಯ ಕತ್ತಿ ಕೆಳಗೆ ಬಿತ್ತು. ಮಕ್ಕಳು ಅದೂ ಆಟವೆಂದು ಚಪ್ಪಾಳೆ ಹೊಡೆದರು.

ಆಂಬುಲೆನ್ಸಿನವರು ಬಂದು, ದೊಡ್ಡ ಕತ್ತರಿಯಿಂದ ತೊಗಲಿನ ಪಟ್ಟಿಗಳನ್ನು ಕತ್ತರಿಸಿ ಕವಚ ಬಿಡಿಸಿದರು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಕವಚವನ್ನು ಚೀಲದಲ್ಲಿ ಹಾಕಿಕೊಂಡು ಬಂದವನೂ ನಾನೇ.

ಮರುದಿನ ರಾಸ್ ಅದನ್ನು ಮೇಜಿನ ಮೇಲೆ ಹರಡಿ, ತುಂಡಾದ ತೊಗಲಿನ ಪಟ್ಟಿಯ ಮೇಲೆ ಬೆರಳಿಟ್ಟ. "ಪಟ್ಟಿ ಹೋಗಿದೆ. ಅದಕ್ಕೇ ತಗಡು ಜರುಗಿದೆ." ಅವನು ಮತ್ತೆ ಹೇಳಿದ. "ಬ್ಯಾಜ್, ಹೊಲಿಗೆಯ ತಪ್ಪಾದರೆ ಪಟ್ಟಿ ಬದಲಿಸಿದರೆ ಮುಗಿಯಿತು. ವಿನ್ಯಾಸದ ತಪ್ಪು ಅಂದರೆ ಹದಿನಾಲ್ಕೂ ಬಿಚ್ಚಬೇಕು. ಮೆಲ್ಬರ್ನ್ ಕೈಬಿಟ್ಟು ಹೋಗುತ್ತೆ. ಆಮೇಲೆ ನೀನೂ ಇಲ್ಲ, ನಾನೂ ಇಲ್ಲ." ಇನ್ಸಿಡೆಂಟ್ ರಿಪೋರ್ಟ್ ಎಂಬ ಹಾಳೆಯನ್ನು ಅವನೇ ತುಂಬಿದ್ದ. ಕಾರಣ: ತೊಗಲಿನ ಪಟ್ಟಿಯ ಹೊಲಿಗೆ ದೋಷ. ಪರೀಕ್ಷಿಸಿದವರು: ಅದರ ಮುಂದೆ ಖಾಲಿ ಗೆರೆ.

ತೊಗಲಿನ ಪಟ್ಟಿಯ ತುದಿ ಕತ್ತರಿಯಲ್ಲಿ ಕತ್ತರಿಸಿದಂತೆ ನೇರವಾಗಿತ್ತು, ಯಾಕೆಂದರೆ ಅದನ್ನು ಕತ್ತರಿಯಲ್ಲೇ ಕತ್ತರಿಸಿದ್ದರು. ಹೊಲಿಗೆ ಇದ್ದಲ್ಲೇ ಇತ್ತು. ಎರಡು ಮೊಳ ದೂರದಿಂದ ನೋಡಿದರೂ ಕಾಣುತ್ತಿತ್ತು. ನಾನು ಸಹಿ ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಆ ಬರೆಯ ಕಬ್ಬಿಣ ಹಿಡಿದವನು ನಾನು.

ಯಾಕೆ ಹಾಕಿದೆ ಎಂದು ಈಗ ಕೇಳಿಕೊಂಡರೆ ಮೈ ಉರಿಯುತ್ತದೆ. ಹೆದರಿಕೆ ಇತ್ತು, ನಿಜ. ಆದರೆ ಹೆದರಿಕೆಗಿಂತ ಹೆಚ್ಚಾಗಿ, ಮೀನು ಕೊಯ್ಯುವವಳು ಹೇಳಿದ್ದು ಸರಿ, ರೈಲ್ವೆಯ ತಗಡಿನವನು ಮಾಡಿದ್ದು ತಪ್ಪು ಎಂದು ಒಪ್ಪಲು ನನಗೆ ಮನಸ್ಸು ಬರಲಿಲ್ಲ. ಆ ಸಣ್ಣತನಕ್ಕೆ ಬೇರೆ ಹೆಸರಿಲ್ಲ.

ಶನಿವಾರ ರಾಸ್ ಅವಳನ್ನು ಕರೆದು, ಎರಡು ವಾರ ಮನೆಯಲ್ಲಿರು, ಮುಂದಿನದು ನೋಡೋಣ ಎಂದ. ಅವಳು ಸೂಜಿ, ಮೇಣ, ದಾರದ ಉಂಡೆಗಳನ್ನು ಒಂದು ಡಬ್ಬಿಯಲ್ಲಿ ತುಂಬಿಕೊಂಡು ಹೋದಳು. ನಾನು ಗ್ರೈಂಡರ್ ಹಚ್ಚಿಕೊಂಡು ಆ ಸದ್ದಿನಲ್ಲಿ ನಿಂತಿದ್ದೆ.

ಭಾನುವಾರ ಬೆಳಿಗ್ಗೆ ಅವಳ ಫೋನ್ ಬಂತು.

"ಬಸವರಾಜಣ್ಣ, ಒಂದು ಕೇಳ್ತೇನೆ. ಹೊಲಿಗೆ ಬಿಟ್ಟದ್ದು ನೀವು ಕಣ್ಣಾರೆ ನೋಡಿದ್ರಾ?"

"ಹಾಂ... ಸ್ವಲ್ಪ ಸಡಲ ಆಗಿತ್ತು ತಂಗಿ."

"ನೀವು ನೋಡಿದ್ದೀರಿ ಅಂದ್ರೆ ಆಯ್ತು. ರಾಸ್ ಹೇಳಿದ್ದಾದ್ರೆ ನಾನು ನಂಬ್ತಿರ್ಲಿಲ್ಲ. ನನ್ನ ಕೈಯಿಂದ ಒಬ್ಬರ ಕೈ ಹೋಯ್ತಲ್ಲ ದೇವರೇ."

ಫೋನಿಟ್ಟು ತಿರುಗಿದರೆ ಶಾಂತಾ ನಿಂತಿದ್ದಳು. "ಏನ್ ಸಡಲ ಆಗಿತ್ತು?" ಎಂದಳು. ನಾನು ಹೇಳಿದೆ, ಎಲ್ಲವನ್ನೂ. ಅವಳು ಬೈಯಲಿಲ್ಲ. "ಲ್ಯಾಬಿನ್ಯಾಗ ನಾ ಒಬ್ಬರ ರಕ್ತದ ರಿಪೋರ್ಟ್ ಇನ್ನೊಬ್ಬರ ಹೆಸರಿಗೆ ಬರದ್ರ ನೀವು ನನ್ನ ಮನ್ಯಾಗ ಇಟ್ಕೋತಿದ್ರೇನು?" ಎಂದಷ್ಟೇ ಕೇಳಿ ಒಳಗೆ ಹೋದಳು.

ಸೋಮವಾರ ಮಧ್ಯಾಹ್ನ ನೀಲ್‌ನನ್ನು ನೋಡಲು ಆಸ್ಪತ್ರೆಗೆ ಹೋದೆ. ಅವನಿಗೆ ಎರಡನೆಯ ಆಪರೇಷನ್ ಆಗಿತ್ತು, ಬಲಗೈಯನ್ನು ದಿಂಬಿನ ಮೇಲೆ ಎತ್ತಿ ಇಟ್ಟಿದ್ದರು. ಮಂಚದ ಪಕ್ಕದ ಕುರ್ಚಿಯಲ್ಲಿ ಲವೀನಾ ಕುಳಿತಿದ್ದಳು. ತೊಡೆಯ ಮೇಲೆ ಟಿಫಿನ್ ಡಬ್ಬಿ. ತನ್ನ ಹೊಲಿಗೆಯಿಂದ ಹೀಗಾಯಿತು, ಕ್ಷಮಿಸಬೇಕು ಎಂದು ಅವನಿಗೆ ಹೇಳುತ್ತಿದ್ದಳು. ಅವಳ ಇಂಗ್ಲಿಷ್ ಅಳುವಿನಲ್ಲಿ ತಡವರಿಸುತ್ತಿತ್ತು. ನೀಲ್ ಎಡಗೈಯಿಂದ ಅವಳ ಭುಜ ತಟ್ಟುತ್ತಿದ್ದ.

ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. ಮೊದಲು ಕನ್ನಡದಲ್ಲಿ ಅವಳಿಗೆ, ಆಮೇಲೆ ಇಂಗ್ಲಿಷಿನಲ್ಲಿ ಅವನಿಗೆ, ಅವಳು ಹೇಳಿದ್ದ ಮೀನಿನ ಮಾತೂ ಸೇರಿಸಿ.

"ಲವೀನಾ, ಹೊಲಿಗಿ ಬಿಟ್ಟಿಲ್ಲ. ಪಟ್ಟಿ ಆಂಬುಲೆನ್ಸಿನವರು ಕತ್ತರಿಸ್ಯಾರ. ನಾ ಅಲ್ಲೇ ಇದ್ನಿ. ತಪ್ಪು ತಗಡಿಂದು. ನೀ ಹೇಳಿದ್ದಿ, ನಾ ಕೇಳಲಿಲ್ಲ."

ನೀಲ್, "ಮೀನು ಹಿಡಿಯಲು ನಾನು ಮೂವತ್ತು ವರ್ಷದಿಂದ ಹೋಗುತ್ತಿದ್ದೇನೆ ಬ್ಯಾಜ್. ಆ ತೋಳು ತೊಟ್ಟಾಗ ನನಗೂ ಹೊಳೆಯಲಿಲ್ಲ" ಎಂದ. ಅವನು ಬೈದಿದ್ದರೆ ಒಳ್ಳೆಯದಿತ್ತು. ಲವೀನಾ ಕಣ್ಣೊರೆಸಿಕೊಂಡು ಎದ್ದಳು. ನನ್ನ ಪಕ್ಕ ಹಾದು ಹೋಗುವಾಗ ಒಂದೇ ಮಾತು ಹೇಳಿದಳು.

"ನಾನು ಎರಡು ರಾತ್ರಿ ನಿದ್ದೆ ಮಾಡ್ಲಿಲ್ಲ. ನೀವು ಮಾಡಿದ್ರಾ?"

ಅಲ್ಲಿಂದ ನೇರ ಕಾರ್ಯಾಗಾರಕ್ಕೆ ಹೋದೆ. ಅದೇ ರೀತಿ ಹೊದಿಸಿದ ಇನ್ನೊಂದು ತೋಳನ್ನು ನನ್ನ ಬಲಗೈಗೆ ತೊಟ್ಟು, ರಾಸ್‌ನ ಕೈಗೆ ಮೊಂಡು ಕತ್ತಿ ಕೊಟ್ಟು, ಮಣಿಕಟ್ಟಿನಿಂದ ಮೇಲಕ್ಕೆ ಮೆಲ್ಲಗೆ ಜಾರಿಸು ಎಂದೆ. ಮೂರನೆಯ ಪಟ್ಟಿಗೇ ತುದಿ ಸಿಕ್ಕಿಕೊಂಡಿತು. ಆಮೇಲೆ ಆರು ಪಟ್ಟಿ ಬಿಚ್ಚಿ ತಿರುಗಿಸಿ, ಕೆಳಗಿನದು ಮೇಲಿನದರ ಮೇಲೆ ಬರುವಂತೆ, ಅಂಚು ಭುಜದ ಕಡೆ ನೋಡುವಂತೆ ಕಟ್ಟಿ ತೋರಿಸಿದೆ. ಕತ್ತಿ ಎಣ್ಣೆ ಹಚ್ಚಿದಂತೆ ಜಾರಿ ಹೋಯಿತು. ಮಳೆ ಮೇಲಿನಿಂದ ಬರುತ್ತದೆ, ಕತ್ತಿ ಮುಂದಿನಿಂದ ಬರುತ್ತದೆ. ಇಷ್ಟು ಸಣ್ಣ ವಿಷಯ. ರಾಸ್ ನನ್ನನ್ನು ಬೈದ ಬೈಗುಳಗಳನ್ನು ಇಲ್ಲಿ ಬರೆಯಲಾರೆ, ಕೆಲವು ನನಗೂ ಹೊಸವು. ರಿಪೋರ್ಟನ್ನು ಹೊಸದಾಗಿ ಬರೆದೆವು. ಅದರಲ್ಲಿ ನನ್ನ ಹೆಸರೇ ಇತ್ತು, ಇರಬೇಕಾದ ಜಾಗದಲ್ಲಿ.

ಅವನು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ದೊಡ್ಡತನದಿಂದ ಅಲ್ಲ, ಮೆಲ್ಬರ್ನಿಗೆ ಮೂರು ವಾರ ಉಳಿದಿತ್ತು, ತಗಡು ಬಡಿಯುವವನು ಬೇರೆ ಇರಲಿಲ್ಲ. ಆದರೆ ಒಂದು ಕಟ್ಟಳೆ ಮಾಡಿದ. ಇನ್ನು ಮೇಲೆ ಬ್ಯಾಜ್ ಮಾಡಿದ ಒಂದೊಂದು ಕವಚವನ್ನೂ ಲವೀನಾ ಪರೀಕ್ಷಿಸಿ ಸಹಿ ಹಾಕಬೇಕು. ರಾಸ್ ತನ್ನ ಜನ್ಮದಲ್ಲಿ ಮಾಡಿದ ಒಂದೇ ನ್ಯಾಯದ ಕೆಲಸ ಅದು.

ಅವಳು ಮರುದಿನ ಬರುವಾಗ ಮನೆಯಿಂದ ಮೀನು ಕೊಯ್ಯುವ ಕತ್ತಿ ತಂದಳು. ಹದಿನಾಲ್ಕು ತೋಳಿನ ಸುಮಾರು ಐನೂರು ಪಟ್ಟಿಗಳ ರಿವೆಟ್ ಬಿಚ್ಚಿ, ತಿರುಗಿಸಿ, ಮತ್ತೆ ಹೊಡೆದೆವು. ಒಂದು ತೋಳು ಮುಗಿದಾಗೆಲ್ಲ ಅದನ್ನು ಮರದ ಕೈಗೆ ತೊಡಿಸಿ, ಆ ಕತ್ತಿಯನ್ನು ಬೆರಳಿನ ಕಡೆಯಿಂದ ಭುಜದವರೆಗೆ ಎಳೆಯುತ್ತಿದ್ದಳು. ಎಲ್ಲಾದರೂ ಟಕ್ ಎಂದರೆ ನನ್ನ ಮುಖ ನೋಡದೆ ತೋಳನ್ನು ನನ್ನ ಕಡೆ ತಳ್ಳುತ್ತಿದ್ದಳು. ಮೂರು ವಾರದಲ್ಲಿ ನನ್ನ ಜೊತೆ ಆಡಿದ ಮಾತು "ಪುನಃ ಮಾಡಿ" ಎಂಬುದೊಂದೇ. ನಾನು ಪುನಃ ಮಾಡಿದೆ.

ಮೆಲ್ಬರ್ನಿನಲ್ಲಿ ಪ್ರದರ್ಶನ ತೆರೆದ ದಿನ ಹದಿನಾಲ್ಕು ಸೈನಿಕರ ಗೊಂಬೆಗಳಿಗೆ ಹದಿನಾಲ್ಕು ತೋಳು. ಅದರಲ್ಲಿ ಎರಡನ್ನು ಅಲ್ಲಿಯವರು ಎಡಗೈಗೆ ಹಾಕಿದ್ದರು. ನಾನು ಬಾಯಿ ತೆರೆಯುವ ಮೊದಲೇ ಲವೀನಾ ಕಟ್ಟೆ ಹತ್ತಿ, "ಎಂಥ ಅವಸ್ಥೆ ಇವರದ್ದು!" ಎನ್ನುತ್ತಾ ಬಿಚ್ಚತೊಡಗಿದಳು. "ಬಸವರಾಜಣ್ಣ, ನೋಡ್ತಾ ನಿಂತದ್ದೆಂಥ? ಆಚೆಯದ್ದು ನೀವು ಬಿಚ್ಚಿ" ಎಂದಳು. ಆ ಬೈಗುಳ ಕೇಳಿ ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡುವುದೇಕೆ.

ಅವಳಿಗೆ ಪಿಆರ್ ಆಯಿತು, ಗಂಡ ಬಂದ. ಇನ್ನೂ ಎರಡು ವರ್ಷ ನನ್ನ ಕೆಲಸಕ್ಕೆ ಸಹಿ ಹಾಕಿ, ಆಮೇಲೆ ಸ್ವಂತ ತೊಗಲಿನ ಅಂಗಡಿ ಇಟ್ಟಳು. ಹೋಗುವ ದಿನ ಆ ಮೀನಿನ ಕತ್ತಿಯನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದಳು. ನೀಲ್‌ನ ಬಲಗೈಯ ಎರಡು ಬೆರಳು ಇಂದಿಗೂ ಪೂರ್ತಿ ಮಡಿಸಲು ಬರುವುದಿಲ್ಲ. ದೋಣಿ ಮುಗಿಯಲು ಅವನಿಗೆ ಇನ್ನೂ ನಾಲ್ಕು ವರ್ಷ ಬೇಕಾಯಿತು. ಅದರ ಫೋಟೋ ಕಳಿಸಿದ್ದ. ನಾನು ಅದನ್ನು ಗೋಡೆಗೆ ಹಾಕಿಲ್ಲ, ಡ್ರಾಯರಿನಲ್ಲಿದೆ.

ಈಗ ತಗಡನ್ನು ಯಂತ್ರ ಕತ್ತರಿಸುತ್ತದೆ, ಕಂಪ್ಯೂಟರಿನಲ್ಲಿ ತೋಳು ತಿರುಗುತ್ತದೆ, ಮೂವತ್ತೈದು ಪಟ್ಟಿಗೆ ಅರ್ಧ ಗಂಟೆ ಸಾಕಂತೆ. ಸಂತೋಷ. ಆದರೆ ಯಾವುದರ ಮೇಲೆ ಯಾವುದು ಎಂದು ಆ ಕಂಪ್ಯೂಟರಿಗೆ ಹೇಳುವವನು ಯಾರು? ಮತ್ತೆ ಒಬ್ಬ ಬಸವರಾಜನೇ ತಾನೆ.

ಟಿಪ್ಸ್ ಕೇಳಿ ಬಂದ ಆ ಇಬ್ಬರನ್ನು ಗ್ಯಾರೇಜಿಗೆ ಕರೆದುಕೊಂಡು ಹೋದೆ. ಶಾಂತಾ ಅಡುಗೆಮನೆಗೆ ಬಿಟ್ಟುಕೊಳ್ಳದ ಮೀನಿನ ಕತ್ತಿ ಅಲ್ಲಿದೆ, ಅದರ ಪಕ್ಕದಲ್ಲಿ ನೀಲ್ ಅವತ್ತು ತೊಟ್ಟಿದ್ದ ತೋಳು. ರಾಸ್ ಅದನ್ನು ಎಸೆಯಲು ಹೇಳಿದ್ದ, ನಾನು ಎಸೆದಿರಲಿಲ್ಲ. ಕಥೆ ಏನೂ ಹೇಳದೆ ಅದನ್ನು ಅವರ ಕೈಗೆ ಕೊಟ್ಟು, ಇದರಲ್ಲಿ ಏನಾಗಿದೆ ಹೇಳಿ ಎಂದೆ. ಇಬ್ಬರಲ್ಲಿ ಚಿಕ್ಕವಳು, ಬೆಳಗಾವಿಯ ಕಡೆಯ ಹುಡುಗಿ, ತೋಳನ್ನು ಬೆಳಕಿಗೆ ಹಿಡಿದು ಒಂದು ಸಲ ತಿರುಗಿಸಿದಳು.

"ಪಟ್ಟಿ ಯಾರೋ ಕಟ್ ಮಾಡ್ಯಾರ ಅಂಕಲ್. ಹೊಲಿಗಿ ಎಲ್ಲಾ ಸರೀನ ಐತಲ್ಲ."

ಅಷ್ಟು ಹೇಳಲು ನನಗೆ ಆರು ದಿನ ಬೇಕಾಗಿತ್ತು.